ಒಂದೇ ಸಲ ಬರುವ ಫಸಲನ್ನು ವರ್ಷವಿಡೀ ಒದಗುವಂತೆ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಹಿತ್ತಲ ಹಸಿರು

ಎಲ್ಲರಿಗೂ ನಮಸ್ಕಾರ. ಮನೆಯ ಹಿಂದಿನ ಜಾಗದಲ್ಲಿ ನಾಲ್ಕು ಮಡಿ ಮಾಡಿಕೊಂಡು ತರಕಾರಿ ಬೆಳೆಯಲು ತೊಡಗಿ ಇದು ಮೂರನೆಯ ವರ್ಷ. ಒಂದೊಂದು ಮಡಿಯೂ ಸುಮಾರು 1.2 ಮೀಟರ್ ಅಗಲ, 3 ಮೀಟರ್ ಉದ್ದವಿದೆ. ಗಿಡ ಬೆಳೆಸುವ ಕೆಲಸ ಒಂದು ಮಟ್ಟಿಗೆ ಕೈಗೆ ಹತ್ತಿದೆ. ಆದರೆ ಬೆಳೆದದ್ದನ್ನು ಉಳಿಸಿಕೊಳ್ಳುವ ವಿದ್ಯೆ ಮಾತ್ರ ಇನ್ನೂ ಒಲಿದಿಲ್ಲ.

ಕಳೆದ ಸಲ ಹತ್ತು ಟೊಮೇಟೊ ಸಸಿ, ಎರಡು ಸಾಲು ಬೀನ್ಸ್, ಸೌತೆ, ಮೆಣಸಿನಕಾಯಿ, ಎಲ್ಲವನ್ನೂ ಒಂದೇ ವಾರದಲ್ಲಿ ನೆಟ್ಟು ಮುಗಿಸಿದೆ. ಫಸಲೂ ಅದೇ ಲೆಕ್ಕದಲ್ಲಿ ಮೂರು ವಾರಗಳೊಳಗೆ ಒಟ್ಟಿಗೆ ಬಂತು. ನಾವು ತಿಂದೆವು, ಹಂಚಿದೆವು. ಕೊನೆಕೊನೆಗೆ ನಾನು ಬುಟ್ಟಿ ಹಿಡಿದು ಹೊರಟರೆ ಪಕ್ಕದ ಮನೆಯವರು ಬಾಗಿಲು ತೆರೆಯಲು ಹಿಂದೆಮುಂದೆ ನೋಡುವಂತಾಯಿತು. ಉಳಿದದ್ದನ್ನು ಕಾಪಿಡೋಣವೆಂದು ಹೊರಟಾಗ ಆದದ್ದು ಇಷ್ಟು: ಬೀನ್ಸನ್ನು ಹಸಿಯಾಗಿಯೇ ಹೆಚ್ಚಿ ಫ್ರೀಜರಿನಲ್ಲಿಟ್ಟೆ, ಎರಡು ತಿಂಗಳ ನಂತರ ಬೇಯಿಸಿದರೆ ಒಣಹುಲ್ಲಿನ ವಾಸನೆ ಬಂತು, ಅಗಿದರೆ ರಬ್ಬರಿನಂತಿತ್ತು. ಮೆಣಸಿನಕಾಯಿಯನ್ನು ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬಿದೆ, ಎರಡೇ ವಾರದಲ್ಲಿ ಬೂಸ್ಟು ಹಿಡಿಯಿತು. ಟೊಮೇಟೊವನ್ನು ಚೆನ್ನಾಗಿ ಕುದಿಸಿ, ಬಿಸಿ ಇರುವಾಗಲೇ ಎಂಟು ಗಾಜಿನ ಜಾಡಿಗಳಿಗೆ ತುಂಬಿ ಬಿಗಿಯಾಗಿ ಮುಚ್ಚಿದೆ. ಅವುಗಳಲ್ಲಿ ಎರಡರ ಮುಚ್ಚಳ ಉಬ್ಬಿಕೊಂಡಿತ್ತು. ತೆರೆದಾಗ ಬುಸ್ಸೆಂದು ನೊರೆ ಉಕ್ಕಿತು. ಉಳಿದ ಆರು ನೋಡುವುದಕ್ಕೆ ಚೆನ್ನಾಗಿಯೇ ಇವೆ. ಇದೆಲ್ಲ ಮುಗಿದ ಮೇಲೆ ನಾಲ್ಕು ತಿಂಗಳು ಮಡಿಗಳು ಬರಿದಾಗಿದ್ದವು, ನಾವು ತರಕಾರಿಯನ್ನು ಅಂಗಡಿಯಿಂದ ತಂದೆವು.

ಬಿತ್ತನೆಯನ್ನು ಹೇಗೆ ಹೊಂದಿಸಿಕೊಂಡರೆ ಫಸಲು ಹರಡಿಕೊಂಡು ಬರುತ್ತದೆ? ಯಾವ ತರಕಾರಿಯನ್ನು ಯಾವ ರೀತಿಯಲ್ಲಿ ಕಾಪಿಡಬೇಕು? ಇನ್ನೊಂದು ಸಣ್ಣ ಪ್ರಶ್ನೆ: ಆ ಆರು ಜಾಡಿಗಳನ್ನು ಬಳಸಬಹುದೇ?

ಉತ್ತರ: ಜಾಡಿ ಮುಚ್ಚಳ

ನಿಮ್ಮ ಸಣ್ಣ ಪ್ರಶ್ನೆಯೇ ಇಲ್ಲಿ ದೊಡ್ಡದು, ಆದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಆ ಆರು ಜಾಡಿಗಳನ್ನು ಬಳಸಬೇಡಿ. ತೆರೆದು ಮೂಸಿ ನೋಡುವುದಾಗಲಿ, ಚಮಚದ ತುದಿಯಿಂದ ರುಚಿ ನೋಡುವುದಾಗಲಿ ಬೇಡ. ಮುಚ್ಚಿದ್ದಂತೆಯೇ ಚೀಲದಲ್ಲಿ ಸುತ್ತಿ, ಪ್ರಾಣಿಗಳಿಗೂ ಸಿಗದಂತೆ ವಿಲೇವಾರಿ ಮಾಡಿ. ಎರಡು ಜಾಡಿ ಕೆಟ್ಟಿವೆ, ಆರು ಚೆನ್ನಾಗಿವೆ ಎಂದು ಎಣಿಸುವುದಕ್ಕಿಂತ, ಎಂಟೂ ಒಂದೇ ರೀತಿಯಲ್ಲಿ ತಯಾರಾದವು ಮತ್ತು ಆ ರೀತಿಯೇ ಸಾಲದಾಗಿತ್ತು ಎಂದು ತಿಳಿಯುವುದು ಸರಿ.

ಕಾರಣ ಹೀಗಿದೆ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲಿ ಸಾಮಾನ್ಯವಾಗಿ ಇರುತ್ತವೆ, ಹಾಗಾಗಿ ತೋಟದಿಂದ ಬಂದ ತರಕಾರಿಯ ಮೈಮೇಲೂ ಇರುತ್ತವೆ. ಗಾಳಿಯಾಡುವ ಕಡೆ ಅವು ಸುಮ್ಮನೆ ಬಿದ್ದಿರುತ್ತವೆ. ಆದರೆ ಗಾಳಿಯಿಲ್ಲದ, ತೇವವಿರುವ, ಹುಳಿ ಕಡಿಮೆಯಿರುವ ಜಾಗದಲ್ಲಿ, ಅಂದರೆ ಬಿಗಿಯಾಗಿ ಮುಚ್ಚಿದ ಜಾಡಿಯೊಳಗೆ, ಮೊಳೆತು ನರಗಳನ್ನೇ ಸ್ತಬ್ಧಗೊಳಿಸುವ ವಿಷವನ್ನು ತಯಾರಿಸುತ್ತವೆ. ಕುದಿಯುವ ನೀರಿನ 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಈ ಬೀಜಕಣಗಳು ಜಗ್ಗುವುದಿಲ್ಲ. ಅವನ್ನು ನಾಶಮಾಡಲು ಒತ್ತಡದಲ್ಲಿ ದೊರೆಯುವ 116ರಿಂದ 121 ಡಿಗ್ರಿಯಷ್ಟು ಶಾಖ ಬೇಕು. ಮುಚ್ಚಳ ಉಬ್ಬುವುದು, ನೊರೆ ಬರುವುದು ಬೇರೆ ಸೂಕ್ಷ್ಮಜೀವಿಗಳ ಕೆಲಸವೂ ಇರಬಹುದು; ಆದರೆ ಈ ವಿಷ ಇರುವ ಜಾಡಿ ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಯಾವ ಸುಳಿವನ್ನೂ ಕೊಡದಿರಬಹುದು. ನೋಡುವುದಕ್ಕೆ ಚೆನ್ನಾಗಿವೆ ಎಂಬ ನಿಮ್ಮ ಮಾತು ನನ್ನನ್ನು ಹೆದರಿಸಿದ್ದು ಅದಕ್ಕೇ.

ಇದಕ್ಕೆ ಎದುರಾಗಿ ನಿಲ್ಲುವುದು ಹುಳಿ. ಹುಳಿಯನ್ನು ಅಳೆಯುವ ಪಿಎಚ್ ಮೌಲ್ಯ (ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 4.6ಕ್ಕಿಂತ ಕೆಳಗಿದ್ದರೆ ಈ ಬೀಜಕಣ ಮೊಳೆಯುವುದಿಲ್ಲ. ಟೊಮೇಟೊ ಸರಿಯಾಗಿ ಆ ಗೆರೆಯ ಮೇಲೆಯೇ ಕುಳಿತಿರುವ ಹಣ್ಣು. ತಳಿ ಯಾವುದು, ಎಷ್ಟು ಮಾಗಿದೆ ಎಂಬುದರ ಮೇಲೆ ಒಮ್ಮೆ ಈಚೆ, ಒಮ್ಮೆ ಆಚೆ ಇರುತ್ತದೆ. ಹಾಗಾಗಿ ಒಂದು ಲೀಟರ್ ಜಾಡಿಗೆ ಎರಡು ದೊಡ್ಡ ಚಮಚ ಬಾಟಲಿ ನಿಂಬೆರಸವನ್ನೋ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲವನ್ನೋ ಸೇರಿಸಲೇಬೇಕು. ಅರ್ಧ ಲೀಟರ್ ಜಾಡಿಗೆ ಅದರ ಅರ್ಧ. ತಾಜಾ ನಿಂಬೆಹಣ್ಣಿನ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆಯಾಗುವುದರಿಂದ ಇಲ್ಲಿ ಬಾಟಲಿಯ ರಸವೇ ಮೇಲು. (ಅಡುಗೆಯಲ್ಲಿ ನಾನು ಬಾಟಲಿ ನಿಂಬೆರಸವನ್ನು ಹತ್ತಿರಕ್ಕೂ ಸೇರಿಸುವವನಲ್ಲ, ಈ ಕೆಲಸಕ್ಕೆ ಮಾತ್ರ ತರುತ್ತೇನೆ.) ಬಿಸಿ ತುಂಬಿ ಮುಚ್ಚಿದರೆ ಕೆಲಸ ಮುಗಿಯಲಿಲ್ಲ. ತುಂಬಿದ ಜಾಡಿಗಳನ್ನು ಮುಚ್ಚಳದ ಮೇಲೆ ಎರಡೂವರೆ ಸೆಂಟಿಮೀಟರ್ ನೀರು ನಿಲ್ಲುವಂತೆ ಮುಳುಗಿಸಿ, ನೀರು ಕೊತಕೊತ ಕುದಿಯತೊಡಗಿದ ಮೇಲೆ ಲೆಕ್ಕ ಹಿಡಿದು, ಜಜ್ಜಿದ ಟೊಮೇಟೊ ಆದರೆ ಅರ್ಧ ಲೀಟರಿಗೆ 35 ನಿಮಿಷ, ಒಂದು ಲೀಟರಿಗೆ 45 ನಿಮಿಷ ಕುದಿಸಬೇಕು. ಇದು ಸಮುದ್ರಮಟ್ಟದಿಂದ 300 ಮೀಟರ್‌ವರೆಗಿನ ಲೆಕ್ಕ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ, 900 ಮೀಟರ್‌ವರೆಗೆ ಇನ್ನೂ ಐದು ನಿಮಿಷ, 1800 ಮೀಟರ್‌ವರೆಗೆ ಹತ್ತು ನಿಮಿಷ ಕೂಡಿಸಿಕೊಳ್ಳಬೇಕು.

ಬೀನ್ಸ್, ಬಟಾಣಿ, ಕ್ಯಾರೆಟ್, ಜೋಳ ಇವುಗಳಲ್ಲಿ ಹುಳಿಯೇ ಇಲ್ಲ. ಒತ್ತಡದ ಕ್ಯಾನಿಂಗ್ ಪಾತ್ರೆ (ತುಂಬಿದ ಜಾಡಿಗಳನ್ನು ಒತ್ತಡದ ಆವಿಯಲ್ಲಿ ಕಾಯಿಸುವ ದೊಡ್ಡ ಪಾತ್ರೆ) ಇಲ್ಲದೆ ಇವನ್ನು ಜಾಡಿಗೆ ತುಂಬಿಡುವ ಯೋಚನೆಯನ್ನೇ ಮಾಡಬೇಡಿ. ಅಡುಗೆಮನೆಯ ಸಣ್ಣ ಪ್ರೆಷರ್ ಕುಕ್ಕರ್ ಅದಕ್ಕೆ ಬದಲಿಯಲ್ಲ. ಅದು ಬೇಗ ಬಿಸಿಯಾಗಿ ಬೇಗ ಆರುತ್ತದೆ, ಪರೀಕ್ಷಿಸಿ ಗೊತ್ತುಪಡಿಸಿದ ಸಮಯಗಳು ಅದಕ್ಕೆ ಹೊಂದುವುದಿಲ್ಲ. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿಗೂ ಇದೇ ಮಾತು ಅನ್ವಯಿಸುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಹಲವಾರು ಜನರು ಬಾಟುಲಿಸಂಗೆ, ಅಂದರೆ ಈ ವಿಷದಿಂದ ಬರುವ ಕಾಯಿಲೆಗೆ, ತುತ್ತಾದದ್ದು ತಣ್ಣಗಿಡದೆ ಬಿಟ್ಟ ಅಂಥ ಬೆಳ್ಳುಳ್ಳಿ ಎಣ್ಣೆಯಿಂದ.

ಉತ್ತರ: ಬಿತ್ತನೆ ಪುಸ್ತಕ

ಜಾಡಿಯ ವಿಷಯವನ್ನು ಮೇಲಿನವರು ಸ್ಪಷ್ಟವಾಗಿ ಹೇಳಿದ್ದಾರೆ, ನಾನು ಮಡಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯನ್ನು ಓದಿದಾಗ ನನಗೆ ಕಂಡದ್ದು ಇಷ್ಟು: ನೀವು ಉಳಿದದ್ದನ್ನು ಕಾಪಿಡಲು ಹೊರಟಿದ್ದೀರಿ. ನಾನೂ ಮೊದಲ ಐದಾರು ವರ್ಷ ಹಾಗೆಯೇ ಮಾಡುತ್ತಿದ್ದೆ. ತಿಂದು ಸಾಕಾದ ಮೇಲೆ, ಬಲಿತು ಸೊರಗಿದ ಮೇಲೆ, ಅರ್ಧ ಕೊಳೆತದ್ದನ್ನು ಕತ್ತರಿಸಿ ತೆಗೆದು ಜಾಡಿಗೆ ಹಾಕಿದರೆ ಆರು ತಿಂಗಳ ನಂತರ ಜಾಡಿಯಿಂದ ಹೊರಬರುವುದೂ ಅಂಥದ್ದೇ. ಕಾಪಿಡುವುದಕ್ಕೆಂದೇ ಬೇರೆ ಗಿಡಗಳನ್ನು ನೆಡಬೇಕು, ಅವುಗಳ ಸಂಖ್ಯೆಯನ್ನು ಬಿತ್ತುವ ಮೊದಲೇ ತೀರ್ಮಾನಿಸಬೇಕು.

ಲೆಕ್ಕವನ್ನು ಹಿಂದಿನಿಂದ ಹಾಕಿ. ನಿಮ್ಮ ಮಡಿ ಬರಿದಾಗಿರುವುದು ನಾಲ್ಕು ತಿಂಗಳು, ಅಂದರೆ ಸುಮಾರು 17 ವಾರ. ಮನೆಗೆ ವಾರಕ್ಕೆ ಅರ್ಧ ಲೀಟರಿನ ಒಂದು ಜಾಡಿ ಟೊಮೇಟೊ ಸಾಕೆಂದಾದರೆ 17 ಜಾಡಿ ಬೇಕು. ಜಜ್ಜಿ ತುಂಬುವ ಟೊಮೇಟೊ ಲೀಟರಿಗೆ ಸುಮಾರು 1.25 ಕಿಲೋ ಹಿಡಿಯುತ್ತದೆ, ಹಾಗಾಗಿ ಒಟ್ಟು 11 ಕಿಲೋ ಹತ್ತಿರ ಹತ್ತಿರ ಬೇಕಾಗುತ್ತದೆ. ನನ್ನ ಮಡಿಯಲ್ಲಿ ಒಂದು ಗಿಡ ಮೂರು ಕಿಲೋ ಕೊಟ್ಟರೆ ನಾನು ತೃಪ್ತ. ಆ ಲೆಕ್ಕದಲ್ಲಿ ನಾಲ್ಕು ಗಿಡ ಸಾಕು. ಈ ನಾಲ್ಕು ಗಿಡಗಳು ಗಿಡ್ಡನೆಯ ಪೊದೆ ತಳಿಯವಾಗಿರಲಿ, ಏಕೆಂದರೆ ಅವು ಒಂದು ಎತ್ತರಕ್ಕೆ ನಿಂತು ಹೆಚ್ಚಿನ ಹಣ್ಣನ್ನು ಎರಡು ಮೂರು ವಾರಗಳಲ್ಲಿ ಒಟ್ಟಿಗೆ ಕೊಟ್ಟುಬಿಡುತ್ತವೆ. ತಿರುಳು ಹೆಚ್ಚು, ರಸ ಕಡಿಮೆ ಇರುವ ಉದ್ದನೆಯ ಹಣ್ಣಿನ ತಳಿ ಸಿಕ್ಕರೆ ಒಲೆಯ ಮುಂದೆ ನಿಲ್ಲುವ ಹೊತ್ತೂ ಉಳಿಯುತ್ತದೆ. ದಿನನಿತ್ಯ ಕೊಯ್ದು ತಿನ್ನಲು ಕೋಲಿಗೆ ಹಬ್ಬಿ ಬೆಳೆಯುತ್ತಲೇ ಇರುವ ತಳಿಯ ಎರಡು ಗಿಡ ಬೇರೆ ಇರಲಿ. ನೀವು ಗೊಣಗಿದ ಆ ಮೂರು ವಾರದ ಸುಗ್ಗಿ ಟೊಮೇಟೊದ ಮಟ್ಟಿಗೆ ತಪ್ಪಲ್ಲ, ಜಾಡಿ ತುಂಬುವವರಿಗೆ ಅದು ವರ. ತಪ್ಪಾದದ್ದು ಬೀನ್ಸ್ ಮತ್ತು ಸೌತೆಯ ವಿಷಯದಲ್ಲಿ.

ಪೊದೆ ಬೀನ್ಸ್ ಬಿತ್ತಿದ 50ರಿಂದ 60 ದಿನಕ್ಕೆ ಕೊಯ್ಲಿಗೆ ಬಂದು, ಎರಡು ಮೂರು ವಾರ ಕಾಯಿ ಕೊಟ್ಟು ಸುಮ್ಮನಾಗುತ್ತದೆ. ಆದ್ದರಿಂದ ಎರಡು ಸಾಲನ್ನು ಒಮ್ಮೆಗೇ ಬಿತ್ತುವ ಬದಲು ಅರ್ಧರ್ಧ ಸಾಲನ್ನು ಮೂರು ವಾರಕ್ಕೊಮ್ಮೆ ನಾಲ್ಕು ಸಲ ಬಿತ್ತಿ. ಮೂಲಂಗಿ 25–30 ದಿನದ ಬೆಳೆ, ಸೊಪ್ಪುಗಳೂ ಬೇಗ ಮುಗಿಯುವಂಥವು. ಇವನ್ನು ಎರಡು ವಾರಕ್ಕೊಮ್ಮೆ ಒಂದು ಹಿಡಿ ಜಾಗದಲ್ಲಿ ಚೆಲ್ಲುತ್ತಿದ್ದರೆ ಸಾಕು. ಆದರೆ ಕ್ಯಾಲೆಂಡರನ್ನು ಕುರುಡಾಗಿ ನಂಬಬೇಡಿ. ಚಳಿಯಲ್ಲಿ ಬಿತ್ತಿದ ಮೊದಲ ಸಾಲು ಮೇಲೇಳುವುದಕ್ಕೇ ಮೀನಮೇಷ ಎಣಿಸುತ್ತದೆ, ಮೂರು ವಾರ ಬಿಟ್ಟು ಬಿತ್ತಿದ ಸಾಲು ಓಡಿಬಂದು ಅದನ್ನು ಹಿಡಿಯುತ್ತದೆ, ಎರಡೂ ಒಟ್ಟಿಗೆ ಕಾಯಿ ಬಿಡುತ್ತವೆ. ಅದಕ್ಕೆ ನಾನು ದಿನ ಎಣಿಸುವುದನ್ನು ಬಿಟ್ಟಿದ್ದೇನೆ. ಹಿಂದಿನ ಸಾಲಿನಲ್ಲಿ ಮೊದಲ ಜೊತೆ ನಿಜ ಎಲೆ (ಮೊಳಕೆಯ ಬೀಜದೆಲೆಗಳ ನಂತರ ಬರುವಂಥದ್ದು) ಬಿಚ್ಚಿಕೊಂಡಾಗ ಮುಂದಿನ ಸಾಲನ್ನು ಬಿತ್ತುತ್ತೇನೆ. ಹಗಲು ಕಿರಿದಾಗುತ್ತ ಹೋಗುವ ಕಾಲದ ಬಿತ್ತನೆಗೆ ಬೀಜದ ಪೊಟ್ಟಣದಲ್ಲಿ ಬರೆದ ದಿನಗಳ ಮೇಲೆ ಎರಡು ವಾರ ಹೆಚ್ಚು ಹಿಡಿಯಬೇಕು. ಕಡು ಬೇಸಿಗೆಯ ಲೆಕ್ಕ ಮತ್ತೊಂದು: ಹಗಲಿನ ಬಿಸಿ 35 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಟೊಮೇಟೊ ಹೂ ಉದುರಿಸುತ್ತದೆ, ಆಗ ಎಷ್ಟು ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲ.

ಉತ್ತರ: ಒಣಬಿಸಿಲು

ಬೀನ್ಸ್ ಮತ್ತು ಮೆಣಸಿನಕಾಯಿ ಯಾಕೆ ಕೈಕೊಟ್ಟವೆಂಬುದಕ್ಕೆ ನನ್ನ ಉತ್ತರ ಇದು.

ಕೊಯ್ದ ತರಕಾರಿಯಲ್ಲಿ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಫ್ರೀಜರಿನ ಚಳಿ ಅವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ; ಬಣ್ಣ ಮಾಸುವುದು, ಹುಲ್ಲಿನ ವಾಸನೆ ಬರುವುದು ಅವುಗಳಿಂದಲೇ. ಅದಕ್ಕಾಗಿ ಫ್ರೀಜರಿಗೆ ಹೋಗುವ ಮೊದಲು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬೇಕು. ಅರ್ಧ ಕಿಲೋ ತರಕಾರಿಗೆ ನಾಲ್ಕು ಲೀಟರ್ ನೀರು ಇರಲಿ. ನೀರು ಕಡಿಮೆಯಿದ್ದರೆ ತರಕಾರಿ ಬಿದ್ದ ಕೂಡಲೇ ಕುದಿ ನಿಂತುಹೋಗಿ, ಮತ್ತೆ ಕುದಿ ಬರುವಷ್ಟರಲ್ಲಿ ಹೊರಗೆಲ್ಲ ಬೆಂದು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಕುದಿ ಮರಳಿದ ಮೇಲೆ ಬೀನ್ಸಿಗೆ ಮೂರು ನಿಮಿಷ, ಸೊಪ್ಪಿಗೆ ಎರಡು, ಬಿಡಿಸಿದ ಬಟಾಣಿಗೆ ಒಂದೂವರೆ. ಆಮೇಲೆ ಅಷ್ಟೇ ಹೊತ್ತು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಮುಳುಗಿಸಿ, ಬಟ್ಟೆಯ ಮೇಲೆ ಹರಡಿ ನೀರಾರಿಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಗಟ್ಟಿಯಾಗಿಸಿದ ನಂತರವೇ ಚೀಲಕ್ಕೆ ತುಂಬಿ ಗಾಳಿಯನ್ನು ಒತ್ತಿ ತೆಗೆಯಿರಿ. ಹೀಗೆ ಮಾಡಿದರೆ ಬೇಕಾದಷ್ಟನ್ನೇ ಹಿಡಿ ಹಿಡಿಯಾಗಿ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಎಲ್ಲ ಅಂಟಿ ಒಂದು ಇಟ್ಟಿಗೆಯಾಗಿರುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಎಂಟರಿಂದ ಹನ್ನೆರಡು ತಿಂಗಳು ರುಚಿ ಉಳಿಯುತ್ತದೆ. ಬಲಿತ ಬೀನ್ಸನ್ನು ಮಾತ್ರ ಈ ಸೇವೆಗೆಲ್ಲ ಹಚ್ಚಬೇಡಿ, ನಾರು ಎಲ್ಲಿಗೂ ಹೋಗುವುದಿಲ್ಲ.

ಮೆಣಸಿನಕಾಯಿ ಒಣಗಿದೆ ಎಂದು ನಿಮಗೆ ಅನ್ನಿಸಿದ್ದು ಸಿಪ್ಪೆಯನ್ನು ಮುಟ್ಟಿ ನೋಡಿ ಇರಬೇಕು. ಅದರ ಒದ್ದೆಯೆಲ್ಲ ತೊಟ್ಟಿನ ಬುಡದಲ್ಲಿ, ಬೀಜ ಅಂಟಿಕೊಂಡಿರುವ ಬಿಳಿ ನಾರಿನಲ್ಲಿ ಅಡಗಿರುತ್ತದೆ. ಉದ್ದಕ್ಕೆ ಸೀಳಿ ಒಣಗಿಸಿ. ಒಣಗಿಸುವ ಯಂತ್ರವಿದ್ದರೆ 60 ಡಿಗ್ರಿಯ ಆಸುಪಾಸಿನಲ್ಲಿಡಿ. ಬೇಗ ಆಗಲೆಂದು ಶಾಖ ಹೆಚ್ಚಿಸಿದರೆ ಹೊರಮೈ ಗಡುಸಾಗಿ ಒಳಗಿನ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ಬಗ್ಗಿಸಿದಾಗ ಮಡಚಿಕೊಂಡರೆ ಇನ್ನೂ ಆಗಿಲ್ಲ, ಪಟ್ಟೆಂದು ಮುರಿಯಬೇಕು. ಅದಾದ ಮೇಲೂ ನೇರವಾಗಿ ಮುಚ್ಚಿಡಬೇಡಿ. ಗಾಜಿನ ಜಾಡಿಯಲ್ಲಿ ಮೂರನೇ ಎರಡು ಭಾಗ ತುಂಬಿ, ವಾರದಿಂದ ಹತ್ತು ದಿನದವರೆಗೆ ದಿನಕ್ಕೊಮ್ಮೆ ಅಲುಗಾಡಿಸಿ. ನನಗೆ ಒಮ್ಮೆ ಮೂರನೆಯ ದಿನ ಬೆಳಿಗ್ಗೆ, ಕನ್ನಡಿಗೆ ಉಸಿರು ಬಿಟ್ಟರೆ ಕಾಣುವಂಥ ಮಂಜು ಗಾಜಿನ ಒಳಮೈಯಲ್ಲಿ ಹೆಬ್ಬೆರಳಗಲ ಕಾಣಿಸಿತು. ಹೊರಗಿಂದ ಎಲ್ಲ ಗರಿಗರಿಯಾಗಿದ್ದವು; ಒಂದೊಂದಾಗಿ ಮುರಿದು ನೋಡಿದಾಗ ದಪ್ಪ ತೊಟ್ಟಿನ ನಾಲ್ಕು ಕಾಯಿ ಮಾತ್ರ ಬಗ್ಗಿದವು. ಆ ನಾಲ್ಕೇ ಕಾಯಿ ಇಡೀ ಜಾಡಿಯನ್ನು ಕೆಡಿಸಲು ಸಾಕಾಗಿತ್ತು. ಗಾಜಿನ ಜಾಡಿಯನ್ನೇ ಬಳಸಲು ಹೇಳುವುದು ಈ ಮಂಜು ಕಣ್ಣಿಗೆ ಬೀಳಲೆಂದು.

ಉತ್ತರ: ಅಟ್ಟದ ಕುಂಬಳ

ಇಷ್ಟೆಲ್ಲ ಓದಿದ ಮೇಲೆ ಒಂದು ಭಿನ್ನಾಭಿಪ್ರಾಯವನ್ನು ಹೇಳದಿರಲಾರೆ. ನಾಲ್ಕೇ ಮಡಿ ಇರುವವರು ಒಲೆ, ಜಾಡಿ, ಫ್ರೀಜರುಗಳಿಗೆ ಇಷ್ಟು ದುಡಿಯುವ ಬದಲು ಒಂದು ಮಡಿಯನ್ನಾದರೂ ತಾನಾಗಿ ಕೆಡದೆ ಉಳಿಯುವ ಬೆಳೆಗಳಿಗೆ ಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಕುಂಬಳ, ಒಣಕಾಳಿಗೆ ಬಿಟ್ಟ ಬೀನ್ಸ್, ಇವು ಕೇಳುವುದು ಗಾಳಿ, ನೆರಳು ಮತ್ತು ಸ್ವಲ್ಪ ತಾಳ್ಮೆ ಮಾತ್ರ.

ಕುಂಬಳದ ಸಿಪ್ಪೆಗೆ ಉಗುರು ನಾಟದಂತಾದಾಗ, ಬೆರಳುದ್ದ ತೊಟ್ಟು ಬಿಟ್ಟು ಕೊಯ್ಯಿರಿ. ತೊಟ್ಟನ್ನು ಹಿಡಿದು ಎತ್ತಬೇಡಿ, ಅದು ಕಿತ್ತುಬಂದರೆ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಹತ್ತು ದಿನ 27 ಡಿಗ್ರಿಯ ಆಸುಪಾಸಿನ ಬೆಚ್ಚನೆಯ ಗಾಳಿಯಾಡುವ ಜಾಗದಲ್ಲಿಟ್ಟರೆ ಸಿಪ್ಪೆ ಗಟ್ಟಿಯಾಗಿ ಸಣ್ಣ ಗೀರುಗಳು ಮಾಯುತ್ತವೆ. ನಂತರ 10ರಿಂದ 13 ಡಿಗ್ರಿಯ ಒಣ ಜಾಗ ಸಿಕ್ಕರೆ ತಳಿಗೆ ತಕ್ಕಂತೆ ಎರಡರಿಂದ ಆರು ತಿಂಗಳು ಬಾಳುತ್ತದೆ. ಅಷ್ಟು ತಂಪು ಸಿಗದಿದ್ದರೆ ಅವಧಿ ಕಡಿಮೆಯಾಗುತ್ತದೆ ಅಷ್ಟೆ. ಈರುಳ್ಳಿಯ ತಾಳುಗಳು ಅರ್ಧಕ್ಕರ್ಧ ತಾವಾಗಿಯೇ ವಾಲಿದಾಗ ಕಿತ್ತು, ಕುತ್ತಿಗೆ ಪೂರ್ತಿ ಒಣಗುವವರೆಗೆ ಎರಡು ಮೂರು ವಾರ ನೆರಳಿನಲ್ಲಿ ಹರಡಿ. ಕುತ್ತಿಗೆ ದಪ್ಪಗಿರುವ ಗಡ್ಡೆಗಳನ್ನು ಬೇರೆ ಇಟ್ಟು ಮೊದಲು ತಿಂದುಬಿಡಿ. ಆಲೂಗಡ್ಡೆಯನ್ನು ಕತ್ತಲಲ್ಲಿಡಿ, ಈರುಳ್ಳಿಯ ಪಕ್ಕದಲ್ಲಿ ಬೇಡ.

ಒಣಕಾಳಿಗೆ ಬಿಟ್ಟ ಬೀನ್ಸ್ ಗಿಡದಲ್ಲೇ ಒಣಗಿ, ಅಲುಗಿಸಿದರೆ ಗಲಗಲ ಎನ್ನಬೇಕು. ಬಿಡಿಸಿ ಇನ್ನಷ್ಟು ಒಣಗಿಸಿದ ಮೇಲೆ ಮುಚ್ಚಿದ ಡಬ್ಬಿಯಲ್ಲಿ ಮೂರು ದಿನ ಫ್ರೀಜರಿನಲ್ಲಿಟ್ಟರೆ ಹುಳುವಿನ ಮೊಟ್ಟೆಗಳು ಸಾಯುತ್ತವೆ. ಡಬ್ಬಿ ಹೊರಗಿನ ಬಿಸಿಗೆ ಮರಳುವವರೆಗೆ ಮುಚ್ಚಳ ತೆಗೆಯಬೇಡಿ, ತೆಗೆದರೆ ಕಾಳುಗಳ ಮೇಲೆ ನೀರು ಕೂರುತ್ತದೆ.

ಹಿತ್ತಲ ಹಸಿರು

ಎಲ್ಲರಿಗೂ ಕೃತಜ್ಞತೆಗಳು. ಆರು ಜಾಡಿಗಳನ್ನು ನಿನ್ನೆಯೇ ಚೀಲದಲ್ಲಿ ಕಟ್ಟಿ ಹೊರಹಾಕಿದೆ. ಮುಂದಿನ ಸಲ ಒಂದು ಮಡಿಯಲ್ಲಿ ಪೊದೆ ಟೊಮೇಟೊ ನಾಲ್ಕು, ಕೋಲಿನ ಟೊಮೇಟೊ ಎರಡು. ಎರಡನೆಯದರಲ್ಲಿ ಬೀನ್ಸನ್ನು ನಾಲ್ಕು ಕಂತಿನಲ್ಲಿ, ಕೊನೆಯ ಕಂತನ್ನು ಒಣಕಾಳಿಗೆ. ಮೂರನೆಯದಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಅದರ ಮೂಲೆಯಿಂದ ಹೊರಕ್ಕೆ ಹಬ್ಬಿಸಿದ ಒಂದು ಕುಂಬಳದ ಬಳ್ಳಿ ಎಂದು ಬರೆದುಕೊಂಡಿದ್ದೇನೆ. ನಾಲ್ಕನೆಯದು ಸೊಪ್ಪು, ಮೂಲಂಗಿ, ಸೌತೆಗೆ. ಸೌತೆಯ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ. ಉಪ್ಪುನೀರಿನಲ್ಲಿ ಹುಳಿ ಬರಿಸಿಡಬಹುದೆಂದು ಕೇಳಿ ಒಮ್ಮೆ ಮಾಡಿದ್ದೆ, ಹುಳಿ ಚೆನ್ನಾಗಿಯೇ ಬಂದಿತ್ತು, ಆದರೆ ಕಾಯಿಗಳು ಮೆತ್ತಗಾಗಿ ಕೈಯಲ್ಲೇ ಕುಸಿದವು.

ಉತ್ತರ: ಜಾಡಿ ಮುಚ್ಚಳ

ಸೌತೆಯ ಹೂವಿದ್ದ ತುದಿಯನ್ನು ಕತ್ತರಿಸಿದ್ದಿರಾ? ಕಾಯಿಯನ್ನು ಮೆತ್ತಗಾಗಿಸುವ ಕಿಣ್ವಗಳು ಇರುವುದು ಆ ತುದಿಯಲ್ಲಿ. ಒಣಗಿದ ಹೂ ಅಂಟಿಕೊಂಡಿರುವ ಕಡೆಯಿಂದ ಎರಡು ಮಿಲಿಮೀಟರಿನಷ್ಟು ಸವರಿ ತೆಗೆದರೆ ಸಾಕು. ತೊಟ್ಟಿನ ಕಡೆ ಮುಟ್ಟಬೇಕಾಗಿಲ್ಲ. ಎಳೆಯ, ಬೆರಳುದ್ದದ ಕಾಯಿಗಳನ್ನು ಕೊಯ್ದ ದಿನವೇ ಲೀಟರಿಗೆ 50 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ಮುಳುಗಿಸಿ, ಮೇಲೇಳದಂತೆ ಭಾರವಿಟ್ಟು, 18ರಿಂದ 22 ಡಿಗ್ರಿಯ ಜಾಗದಲ್ಲಿ ಮೂರು ನಾಲ್ಕು ವಾರ ಬಿಡಿ. ಅದಕ್ಕಿಂತ ಬಿಸಿಯಿರುವ ಜಾಗದಲ್ಲಿ ಹುಳಿ ಬೇಗ ಬರುತ್ತದೆ, ಕಾಯಿಯೂ ಬೇಗ ಕುಸಿಯುತ್ತದೆ. ಎಲೆಕೋಸಾದರೆ ನೀರೇ ಬೇಡ. ಸಣ್ಣಗೆ ಹೆಚ್ಚಿ ಕಿಲೋಗೆ 20ರಿಂದ 25 ಗ್ರಾಂ ಉಪ್ಪು ಹಾಕಿ ಕಿವುಚಿದರೆ ತನ್ನ ರಸದಲ್ಲೇ ಮುಳುಗುತ್ತದೆ. ನೀರಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಂಡರೆ ತೆಗೆದುಹಾಕಿ ಮುಂದುವರಿಸಿ. ಬಣ್ಣದ, ಉಣ್ಣೆಯಂಥ ಬೂಸ್ಟು ಕಂಡರೆ ಇಡೀ ಭರಣಿಯನ್ನೇ ಖಾಲಿ ಮಾಡಿ. ಹುಳಿ ಬಂದ ಮೇಲೆ ಫ್ರಿಜ್ಜಿಗೆ ಸೇರಿಸಿಬಿಡಿ. ಇನ್ನೊಂದು ಮಾತು: ನಾಲ್ಕನೆಯ ಮಡಿಯಲ್ಲಿ ಸೌತೆ ಬಳ್ಳಿ ಎರಡಕ್ಕಿಂತ ಹೆಚ್ಚು ಬೇಡ, ಇಲ್ಲದಿದ್ದರೆ ಪಕ್ಕದ ಮನೆಯವರು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾರೆ.